'ಬಿಯಾಂಡ್ ಎ ಬೌಂಡರಿ'ಯಲ್ಲಿ ವರ್ಗಪ್ರಜ್ಞೆ

ಟ್ರಿನಿಡಾಡ್ ದ್ವೀಪದ ಸಿ. ಎಲ್. ಆರ್. ಜೇಮ್ಸರು 1963ರಲ್ಲಿ ಪ್ರಕಟಿಸಿದ 'ಬಿಯಾಂಡ್ ಎ ಬೌಂಡರಿ' ಎಂಬ ಗ್ರಂಥವನ್ನು ಕ್ರಿಕೆಟ್ ಆಟದ ಪುಸ್ತಕವೆಂದು ಬದಿಗಿಡುವವರುಂಟು. ಪರತಂತ್ರ ಜನಾಂಗವೊಂದರ ರಾಜಕೀಯ ಕಥನವೆಂದು ಕೊಂಡಾಡುವವರೂ ಉಂಟು. ಈ ಎರಡನೆಯ ಪಂಗಡದವರು ಸಾಮಾನ್ಯವಾಗಿ ಎತ್ತಿ ಹೇಳುವುದು ಫ್ರಾಂಕ್ ವೊರೆಲ್ಲರ ನಾಯಕತ್ವದ ಪ್ರಕರಣವನ್ನು. ನಮಗಾದರೋ ಗ್ರಂಥದ ಜೀವವು, ಲೇಖಕರು ತಾರುಣ್ಯದಲ್ಲಿ ಒಂದು ಆಟದ ಸಂಘವನ್ನು ಆಯ್ದುಕೊಂಡ ಸಣ್ಣ ಪ್ರಸಂಗದಲ್ಲಿ ಅಡಗಿದೆಯೆಂದು ತೋರುತ್ತದೆ.

ಮೊದಲನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಆ ದ್ವೀಪದ ಕ್ರಿಕೆಟ್ ಸಂಘಗಳು ಸಮಾಜದ ಮೆಟ್ಟಿಲುಗಳಂತೆಯೇ ಒಂದರ ಕೆಳಗೊಂದು ನಿಂತಿದ್ದವು. ಕ್ವೀನ್ಸ್ ಪಾರ್ಕ್ ಸಂಘವು ಬಹುಮಟ್ಟಿಗೆ ಬಿಳಿಯರದು, ಸಿರಿವಂತರದು, ಶಾಮ್ರಾಕ್ ಕ್ಯಾಥೊಲಿಕರದು, ಮೇಪಲ್ ಕಂದುಬಣ್ಣದ ಮಧ್ಯಮ ವರ್ಗದವರದು, ಶಾನನ್ ಕರಿಯರಾದ ಉಪಾಧ್ಯಾಯರು, ಗುಮಾಸ್ತರು ಮೊದಲಾದವರದು, ಸ್ಟಿಂಗೊ ಕಸಬುದಾರರದು, ಕೂಲಿಕಾರರದು. ಯಾರು ಎಲ್ಲಿಗೆ ಸೇರತಕ್ಕವರೆಂಬುದನ್ನು ಊರಿನಲ್ಲಿ ಯಾರೂ ಕೇಳಿ ತಿಳಿಯಬೇಕಾಗಿರಲಿಲ್ಲ. ಜೇಮ್ಸರು ಕರಿಯರು, ಉಪಾಧ್ಯಾಯರ ಮಗ. ಕಾನ್‌ಸ್ಟಂಟೈನ್, ಸೇಂಟ್ ಹಿಲ್ ಮುಂತಾದ ಸಮರ್ಥರಿದ್ದ ಶಾನನ್ ಅವರಿಗೆ ಸಹಜವಾದ ನೆಲೆಯಾಗಿತ್ತು. ಆದರೆ ವಿದ್ಯೆಯ ಬಲದಿಂದ ಮೇಪಲ್ಲಿನ ಬಾಗಿಲು ತೆರೆದಿತ್ತು. ಅವರು ಅದನ್ನೇ ಹೊಕ್ಕರು. ಆ ಆಯ್ಕೆಯಿಂದ ಜನಸಾಮಾನ್ಯರಿಂದ ದೂರವಾಗಿ ತಮ್ಮ ರಾಜಕೀಯ ಬೆಳವಣಿಗೆಯೇ ಹಲವು ವರ್ಷ ಹಿಂದೆ ಬಿದ್ದಿತೆಂದು ಅವರೇ ಒಪ್ಪಿಕೊಂಡಿದ್ದಾರೆ.

ಮಾರ್ಕ್ಸ್‌ವಾದಿಯೊಬ್ಬನು ವರ್ಗವನ್ನು ತನ್ನ ಹೊರಗೆ ಕಾಣುವುದು ಸುಲಭ. ತನ್ನ ಅಭಿರುಚಿಯಲ್ಲಿ, ತಾನು ಮೆಚ್ಚಿದ ಗೆಳೆತನದಲ್ಲಿ ಅದನ್ನು ಕಾಣುವುದು ಕಷ್ಟ. ಆರಂಭದಲ್ಲಿ ಬರುವ ಮ್ಯಾಥ್ಯೂ ಬಾಂಡ್‌ಮನ್ನನ ಚಿತ್ರವನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು. ಕೊಳಕು ಬಟ್ಟೆಯ, ಒರಟು ಮಾತಿನ ಆ ನೆರೆಯವನನ್ನು ಮನೆಯ ಹೆಂಗಸರು ಹೇಸಿಕೊಳ್ಳುತ್ತಿದ್ದರು. ದಾಂಡು ಹಿಡಿದನೆಂದರೆ ಅವನೇ ಸೊಬಗಿನ ಮೂರ್ತಿ. ಹುಡುಗ ಜೇಮ್ಸ್ ಅದನ್ನು ನೋಡಿದ್ದು ಮನೆಯ ಕಿಟಕಿಯಲ್ಲಿ, ಕುರ್ಚಿಯ ಮೇಲೆ ನಿಂತು. ಬಾಂಡ್‌ಮನ್ನನ ಆಟವನ್ನು ಮೆಚ್ಚಿಯೂ ಅವನ ಪಕ್ಕದಲ್ಲಿ ನಿಲ್ಲಲಾಗದ ಆ ಅಂತರವೇ ಮುಂದೆ ಮೇಪಲ್ಲಿಗೆ ಕರೆದೊಯ್ದಿತೆಂದು ನಮ್ಮ ಊಹೆ.

ಇದನ್ನು ಮನಸ್ಸಿನಲ್ಲಿಟ್ಟು ಓದಿದಾಗ ವೊರೆಲ್ ಪ್ರಕರಣಕ್ಕೆ ಬೇರೆಯೇ ತೂಕ ಬರುತ್ತದೆ. 1948ರಲ್ಲಿ ಜಾರ್ಜ್ ಹೆಡ್ಲಿ ಒಂದೇ ಒಂದು ಟೆಸ್ಟ್ ಪಂದ್ಯಕ್ಕೆ ನಾಯಕರಾಗಿದ್ದರು. ಇಡೀ ಸರಣಿಯ ನಾಯಕತ್ವ ಕರಿಯ ಆಟಗಾರನಿಗೆ ಮೊದಲು ದೊರೆತದ್ದು 1960–61ರ ಆಸ್ಟ್ರೇಲಿಯಾ ಪ್ರವಾಸದಲ್ಲಿ. ಅದಕ್ಕಾಗಿ 'ದಿ ನೇಷನ್' ಪತ್ರಿಕೆಯಲ್ಲಿ ಹಟ ಹಿಡಿದು ಬರೆದವರು ಜೇಮ್ಸರು. (ದ್ವೀಪಗಳ ಒಕ್ಕೂಟ 1962ರಲ್ಲಿ ಮುರಿದುಬಿದ್ದಿತು; ಕ್ರಿಕೆಟ್ ತಂಡ ಮಾತ್ರ ಒಂದಾಗಿ ಉಳಿಯಿತು.) ದುಡಿಯುವ ಕೈ ಒಬ್ಬರದು, ಆಳುವ ಪಟ್ಟ ಇನ್ನೊಬ್ಬರದು ಎಂಬ ಈ ಏರ್ಪಾಡು ನಮಗೂ ಹೊಸತಲ್ಲ. ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲವಣಕರ ಬಾಳೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರೂ ಮುಂಬಯಿಯ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. 1923ರಲ್ಲಿ ಅದು ತಮ್ಮ ವಿಠ್ಠಲರ ಪಾಲಿಗೆ ಬಂದಿತು.

ಗ್ರಂಥದಲ್ಲಿ ನಮಗೆ ಒಪ್ಪಿಗೆಯಾಗದ ಭಾಗವೂ ಇದೆ. ಡಬ್ಲ್ಯು. ಜಿ. ಗ್ರೇಸರನ್ನು ಕುರಿತ ಅಧ್ಯಾಯಗಳಲ್ಲಿ ಜೇಮ್ಸರ ಕಣ್ಣು ಮೃದುವಾಗುತ್ತದೆ. ವೃತ್ತಿಯಿಂದ ವೈದ್ಯರಾದ ಗ್ರೇಸರು ಆಟದಿಂದ ಸಾಕಷ್ಟು ಹಣ ಪಡೆದರೂ 'ಜಂಟಲ್‌ಮನ್' ಎನಿಸಿಕೊಂಡರು. ಕೂಲಿಗಾಗಿ ಆಡಿದವರು ಬರಿಯ 'ಪ್ಲೇಯರ್' ಆದರು. ಈ ಭೇದವನ್ನು ಇಂಗ್ಲೆಂಡಿನಲ್ಲಿ ತೆಗೆದುಹಾಕಿದ್ದು 1962ರ ಕೊನೆಯಲ್ಲಿ, ಅಂದರೆ ಈ ಗ್ರಂಥ ಹೊರಬರುವುದಕ್ಕೆ ಸ್ವಲ್ಪ ಮುಂಚೆ. ಶಾನನ್, ಮೇಪಲ್‌ಗಳನ್ನು ಅಷ್ಟು ನಿಷ್ಠುರವಾಗಿ ತೂಗಿದವರು ಇಲ್ಲಿ ಅದೇ ತಕ್ಕಡಿಯನ್ನು ಹಿಡಿಯಲಿಲ್ಲ. ವಿದ್ಯಾರ್ಥಿಗಳು ಸಂಘದ ಆಯ್ಕೆಯ ಅಧ್ಯಾಯವನ್ನು ಮೊದಲು ಓದಿ, ಅನಂತರ ಗ್ರೇಸರ ಅಧ್ಯಾಯಗಳಿಗೆ ಬರುವುದು ಲೇಸು.