ಹಳೆಯ ಕಟ್ಟಡದ ‘ಉಳಿದ ಆಯುಷ್ಯ’

2001ನೆಯ ಜನವರಿ 26ರಂದು ಕಚ್ಛದಲ್ಲಿ ಸಂಭವಿಸಿದ ಭೂಕಂಪವು, ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಅಹಮದಾಬಾದಿನಲ್ಲಿಯೂ ಹಲವು ಕಾಂಕ್ರೀಟು ಕಟ್ಟಡಗಳನ್ನು ಉರುಳಿಸಿತು. ಅವುಗಳಲ್ಲಿ ಅನೇಕವು ವಾಹನಗಳ ನಿಲುಗಡೆಗೆಂದು ನೆಲದ ಅಂತಸ್ತನ್ನು ಗೋಡೆಯಿಲ್ಲದೆ ಬಿಟ್ಟವು. ಮೇಲಿನ ಅಂತಸ್ತುಗಳಿಗೆ ಗೋಡೆಗಳಿಂದ ಒದಗಿದ ಬಿಗುವು ಕೆಳಗಿನ ಬರಿಯ ಕಂಬಗಳಿಗಿರಲಿಲ್ಲ.

ಹಳೆಯ ಕಾಂಕ್ರೀಟು ಕಟ್ಟಡಗಳನ್ನು ಪರೀಕ್ಷಿಸಿ ಬಲಪಡಿಸುವ ಕ್ರಮವನ್ನು ಭಾರತೀಯ ಮಾನಕ ಬ್ಯೂರೋ 2013ರಲ್ಲಿ ಐ.ಎಸ್. 15988 ಎಂಬ ಮಾರ್ಗಸೂಚಿಯಲ್ಲಿ ನಿರೂಪಿಸಿತು. ಅದರ ಗುಣವನ್ನು ಮೊದಲು ಹೇಳುವುದು ನ್ಯಾಯ. ಮೂಲ ನಕ್ಷೆಗಳು ದೊರೆಯದಿದ್ದರೆ, ಪರೀಕ್ಷೆ ಸಾಲದಿದ್ದರೆ, ಲೆಕ್ಕದಲ್ಲಿ ಬಂದ ಸಾಮರ್ಥ್ಯವನ್ನು ಒಂದು ‘ಜ್ಞಾನಾಂಕ’ದಿಂದ ತಗ್ಗಿಸಬೇಕೆಂದು ಅದು ವಿಧಿಸುತ್ತದೆ. ತಿಳಿಯದುದನ್ನೂ ಲೆಕ್ಕಕ್ಕೆ ಸೇರಿಸುವ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ನಮ್ಮ ಆಕ್ಷೇಪವಿರುವುದು ಇನ್ನೊಂದು ಅಂಕದ ವಿಷಯದಲ್ಲಿ. ಕಟ್ಟಡದ ಉಳಿದ ಆಯುಷ್ಯವನ್ನು ಅದರ ವಿನ್ಯಾಸದ ಆಯುಷ್ಯದಿಂದ ಭಾಗಿಸಿ, ವರ್ಗಮೂಲ ತೆಗೆದು, ಹೊಸ ಕಟ್ಟಡಕ್ಕೆ ಗೊತ್ತುಪಡಿಸಿದ ಭೂಕಂಪಬಲವನ್ನು ಆ ಪ್ರಮಾಣಕ್ಕೆ ಇಳಿಸಬಹುದು, 0.7ಕ್ಕಿಂತ ಕೆಳಗೆ ಮಾತ್ರ ಇಳಿಸಕೂಡದು. 50 ವರ್ಷದ ವಿನ್ಯಾಸದಲ್ಲಿ 25 ವರ್ಷ ಉಳಿದಿದ್ದರೆ ಈ ಅಂಕ ಸುಮಾರು 0.71, ಹತ್ತೇ ವರ್ಷ ಉಳಿದಿದ್ದರೂ 0.7. ಅಲ್ಪಕಾಲ ನಿಲ್ಲುವ ಕಟ್ಟಡಕ್ಕೆ ಪ್ರಬಲ ಕಂಪನ ಎದುರಾಗುವ ಸಂಭವ ಕಡಿಮೆಯೆಂಬ ತರ್ಕ ಗಣಿತದ ಮಟ್ಟಿಗೆ ಸರಿಯೇ. ಆದರೆ ಉಳಿದ ಆಯುಷ್ಯವನ್ನು ಅಳೆಯುವ ಉಪಕರಣ ಯಾವುದು? ಕಾಂಕ್ರೀಟಿನ ಬಲವನ್ನು ತುಂಡು ಕೊರೆದು ಪರೀಕ್ಷಿಸಬಹುದು. ಆಯುಷ್ಯವನ್ನಾದರೋ ಬಹುಮಟ್ಟಿಗೆ ಮಾಲೀಕನ ಮಾತಿನ ಮೇಲೆ ಬರೆದುಕೊಳ್ಳಬೇಕು. ನಮ್ಮ ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ ಅವಧಿ ತುಂಬಿತೆಂದು ಕೆಡವಿದವು ಎಷ್ಟು? ಸುಣ್ಣ ಬಳಿದು, ಸಾಧ್ಯವಾದರೆ ಮೇಲೊಂದು ಅಂತಸ್ತನ್ನೂ ಏರಿಸಿ ಬಳಸುವುದೇ ರೂಢಿ. ಆಗ ಪಡೆದ ರಿಯಾಯಿತಿ ಮಾತ್ರ ಹಾಗೆಯೇ ಉಳಿಯುತ್ತದೆ.

ಇದಕ್ಕಿಂತ ಗಹನವಾದ ತೊಡಕೂ ಇದೆ. ಹಳೆಯ ಕಂಬಗಳ ದೋಷ ಬಲದ ಕೊರತೆಯೊಂದೇ ಅಲ್ಲ. 1993ರ ಐ.ಎಸ್. 13920ಕ್ಕೆ ಹಿಂದಿನವುಗಳಲ್ಲಿ ಸರಳುಗಳನ್ನು ಬಿಗಿಯುವ ರಿಂಗುಗಳು ಸಾಮಾನ್ಯವಾಗಿ ದೂರದೂರ ಇರುತ್ತವೆ. ಅವುಗಳ ತುದಿಯನ್ನು 135 ಡಿಗ್ರಿಗೆ ಬದಲು 90 ಡಿಗ್ರಿಗಷ್ಟೇ ಬಗ್ಗಿಸಿರುತ್ತದೆ. ಹೊರಪದರ ಸಿಡಿದೊಡನೆ ಅವು ಬಿಚ್ಚಿಕೊಳ್ಳುತ್ತವೆ. ಮುರಿಯದೆ ಬಾಗಿ ತಾಳುವ ಗುಣವೇ ಆ ಕಂಬಕ್ಕಿಲ್ಲ. ಇಂಥ ಕಂಬಕ್ಕೆ ಹೊಸ ಸರಳು, ಕಾಂಕ್ರೀಟುಗಳ ಹೊದಿಕೆ ತೊಡಿಸಬೇಕೇ ಎಂಬ ಪ್ರಶ್ನೆಗೆ, ಇಳಿಸಿದ ಬಲದ ಲೆಕ್ಕವು ‘ಬೇಕಿಲ್ಲ’ ಎಂದು ಉತ್ತರಿಸೀತು.

ಅಂಕವನ್ನು ಬಳಸುವುದೇ ಆದರೆ ಅವಧಿ ಮುಗಿಯುವ ವರ್ಷವನ್ನು ಕಟ್ಟಡದ ಪರವಾನಗಿಯಲ್ಲಿ ನಮೂದಿಸಿ, ಆ ವರ್ಷ ಮರುಪರೀಕ್ಷೆಯನ್ನು ಕಡ್ಡಾಯಗೊಳಿಸಬೇಕು. ಶಾಲೆ, ಆಸ್ಪತ್ರೆಗಳಿಗೆ ಅದನ್ನು 1 ಎಂದೇ ಹಿಡಿಯಬೇಕೆಂಬುದು ನಮ್ಮ ಮತ.