ತರಾಸು: ಲೇಖನಿಯ ಋಣ ಮತ್ತು ದುರ್ಗದ ಋಣ

ಕಾವ್ಯವು ಜೀವನೋಪಾಯವಾದೊಡನೆ ಅದರ ಕಾಂತಿ ಕುಂದುವುದೆಂಬ ಅಭಿಪ್ರಾಯವು ವಿದ್ವಜ್ಜನರಲ್ಲಿ ರೂಢಮೂಲವಾಗಿದೆ. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರನ್ನು, ಎಂದರೆ ಕನ್ನಡಿಗರ ಪ್ರೀತಿಯ ತರಾಸು ಅವರನ್ನು ಕುರಿತು ಈ ಆಕ್ಷೇಪವು ಮತ್ತೆ ಮತ್ತೆ ಕೇಳಿಬರುತ್ತದೆ. ಅರವತ್ತಕ್ಕೂ ಮಿಕ್ಕ ಕಾದಂಬರಿಗಳನ್ನು ರಚಿಸಿ, ಲೇಖನಿಯನ್ನೇ ನೆಚ್ಚಿ ಸಂಸಾರವನ್ನು ಸಾಗಿಸಿದವರು ಅವರು. ಇಂಥವರನ್ನು ‘ಜನಪ್ರಿಯರು’ ಎಂಬ ಒಂದೇ ಮಾತಿನಿಂದ ಬದಿಗಿರಿಸುವುದು ನ್ಯಾಯವೇ? ನಮ್ಮ ಜಿಲ್ಲೆಯ ವಾಚಕರು ಇದನ್ನು ಸಮಾಧಾನಚಿತ್ತದಿಂದ ವಿಚಾರಿಸಬೇಕು.

ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸಗಳೆಂಬ ಮೂರನ್ನು ಒಟ್ಟಾಗಿ ಕಾವ್ಯಹೇತುವೆಂದನು. ಶಕ್ತಿಯು ದೈವದತ್ತವಾದುದು, ಅದನ್ನು ಅಳೆಯಲು ನಾವು ಅಸಮರ್ಥರು. ನಿಪುಣತೆಯು ತರಾಸು ಅವರಿಗೆ ಮನೆಯಲ್ಲಿಯೇ ದೊರೆಯಿತು. 1920ರಲ್ಲಿ ಮಲೇಬೆನ್ನೂರಿನಲ್ಲಿ ಹುಟ್ಟಿದ ಅವರು ಚಳ್ಳಕೆರೆ ಸೀಮೆಯ ತಳುಕಿನ ವಂಶದವರು. ಕುವೆಂಪು ಅವರ ಗುರುಗಳೂ, ‘ಶ್ರೀರಾಮಾಯಣದರ್ಶನಂ’ ಮಹಾಕಾವ್ಯವು ಯಾರಿಗೆ ಅರ್ಪಿತವಾಗಿದೆಯೋ ಆ ಮಹನೀಯರೂ ಆದ ಟಿ. ಎಸ್. ವೆಂಕಣ್ಣಯ್ಯನವರು ಇವರ ದೊಡ್ಡಪ್ಪ. ಹಳಗನ್ನಡದ ಸಂಪತ್ತು ಹೀಗೆ ಕೈಗೆಟಕುವಷ್ಟು ಸಮೀಪದಲ್ಲಿದ್ದಿತು. ಎರಡನೆಯ ಪಾಠಶಾಲೆ ಚಿತ್ರದುರ್ಗ: ಏಳುಸುತ್ತಿನ ಕೋಟೆ, ಹೆಬ್ಬಂಡೆಗಳು, ಜನರ ಬಾಯಲ್ಲಿ ಉಳಿದ ನಾಯಕರ ಕಥೆಗಳು. ಮೂರನೆಯದು 1942ರ ಚಳವಳಿ. ಅದು ಅವರ ವ್ಯಾಸಂಗವನ್ನು ನಿಲ್ಲಿಸಿ ಸೆರೆಮನೆಯನ್ನು ತೋರಿಸಿತು. ಅನಂತರ ಅನಕೃ ಅವರ ಮುಂದಾಳುತನದ ಪ್ರಗತಿಶೀಲ ಪಂಥವು ಅವರನ್ನು ಸೆಳೆಯಿತು.

ಇನ್ನು ಅಭ್ಯಾಸ. ಅದನ್ನು ಒದಗಿಸಿದುದು ಪತ್ರಿಕಾವೃತ್ತಿ. ಅಚ್ಚುಕೂಟವು ಸ್ಫೂರ್ತಿಗಾಗಿ ಕಾಯುವುದಿಲ್ಲ. ಗೊತ್ತಾದ ಹೊತ್ತಿಗೆ ಹಾಳೆಗಳು ತುಂಬಲೇಬೇಕು. ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಸರಳವಾದ ಓಟ ಮತ್ತು ವಾಚಕನನ್ನು ಬಿಡದೆ ಕರೆದೊಯ್ಯುವ ಕೌಶಲ ಲಾಭದ ಕಡೆಯವು. ಆವೇಶದಲ್ಲಿ ಉದ್ದವಾಗುವ ಸಂಭಾಷಣೆ, ಒಂದೇ ಭಾವವನ್ನು ಮೂರು ಬಾರಿ ಹೇಳುವ ಆತುರ, ಇವು ನಷ್ಟದ ಕಡೆಯವು. ಅವರ ಎಲ್ಲ ಕೃತಿಗಳೂ ಸಮಾನ ತೂಕದವೆಂದು ಅಭಿಮಾನಿಯೂ ಹೇಳಲಾರನು.

ಆದರೆ ‘ಹಂಸಗೀತೆ’ಯನ್ನು (1952) ನೋಡಿರಿ. ಅಧಿಕಾರದ ಆಜ್ಞೆಗೆ ಹಾಡಲೊಲ್ಲದೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡ ಗಾಯಕನ ಕಥೆಯದು. ಬರೆದು ಬದುಕಬೇಕಾದ ಮನುಷ್ಯನೊಬ್ಬನು, ಮಾರಾಟಕ್ಕೆ ಒಪ್ಪದ ಕಲೆಯನ್ನು ಇಷ್ಟು ತೀವ್ರವಾಗಿ ಚಿತ್ರಿಸಿದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಆ ಕಳವಳವು ಲೇಖಕನ ಸ್ವಂತದ್ದಾಗಿರಬೇಕು.

ದುರ್ಗದ ಕಥಾಮಾಲೆಯ ಸಾಕ್ಷ್ಯವು ಇದಕ್ಕಿಂತಲೂ ಬಲವಾದುದು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೊದಲಾದವುಗಳಲ್ಲಿ ಹರಿದು ಬಂದ ಆ ವಸ್ತು 1982ರ ‘ದುರ್ಗಾಸ್ತಮಾನ’ದಲ್ಲಿ ಕೊನೆಮುಟ್ಟಿತು. 1779ರಲ್ಲಿ ಹೈದರಾಲಿಗೆ ಕೋಟೆ ವಶವಾಯಿತೆಂಬುದು ನಮ್ಮ ಮಕ್ಕಳಿಗೂ ತಿಳಿದಿದೆ. ಆದುದರಿಂದ ಇಲ್ಲಿ ಕುತೂಹಲಕ್ಕೆ ಎಡೆಯಿಲ್ಲ, ಕರುಣವೇ ಆಧಾರ. ಮುಂದಾಗುವುದನ್ನು ಬಲ್ಲ ವಾಚಕನೂ ಮದಕರಿನಾಯಕನಿಗಾಗಿ ಕೊನೆಯವರೆಗೆ ಆಸೆಪಡುವಂತೆ ಮಾಡಿರುವುದೇ ಈ ಕೃತಿಯ ಸಿದ್ಧಿ. ತರಾಸು 1984ರಲ್ಲಿ ತೀರಿಕೊಂಡರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಈ ಗ್ರಂಥಕ್ಕೆ 1985ರಲ್ಲಿ ಬಂದಿತು.

ಕಾವ್ಯಪ್ರಯೋಜನಗಳಲ್ಲಿ ಯಶಸ್ಸಿನ ಬಳಿಕ ಅರ್ಥವನ್ನು ಎಣಿಸಲು ಮಮ್ಮಟನೇ ಸಂಕೋಚಪಡಲಿಲ್ಲ. ದೋಷವಿರುವುದು ಸಂಪಾದನೆಯಲ್ಲಲ್ಲ, ಸಂಪಾದನೆಯ ಅವಸರದಲ್ಲಿ. ಸಂಸಾರದ ಋಣಕ್ಕಾಗಿ ಅವಸರದಿಂದ ಬರೆದ ಈ ಲೇಖಕರು, ದುರ್ಗದ ಋಣಕ್ಕಾಗಿ ದಶಕಗಳ ಕಾಲ ತಾಳ್ಮೆಯಿಂದ ದುಡಿದರು. ತಾಳ್ಯ, ಹೊಳಲ್ಕೆರೆಗಳ ಮನೆಗಳಲ್ಲಿ ತರಾಸು ಅವರ ಎಲ್ಲ ಪುಸ್ತಕಗಳೂ ಇರಬೇಕೆಂದಿಲ್ಲ. ‘ಹಂಸಗೀತೆ’, ‘ದುರ್ಗಾಸ್ತಮಾನ’ಗಳು ಮಾತ್ರ ಇರಲಿ, ಮಕ್ಕಳ ಕೈಗೆ ಎಟಕುವಂತಿರಲಿ.