ಕಾರಿನ ವೈರಿಂಗಿಗೆ ಹೊಂದುವ ಮಲ್ಟಿಮೀಟರು

ಕಾರಿನ ವಿದ್ಯುತ್ ದೋಷಗಳನ್ನು ಪತ್ತೆ ಮಾಡಲೆಂದು ಮಲ್ಟಿಮೀಟರು ಕೊಳ್ಳುವವರು ಅದರ ತಿರುಗುಗುಂಡಿಯ ಸುತ್ತ ಬರೆದಿರುವ 600, 750, 1000 ಮುಂತಾದ ದೊಡ್ಡ ಅಂಕಿಗಳಿಗೆ ಮರುಳಾಗುವುದುಂಟಾದರೂ, 12 ವೋಲ್ಟಿನ ಬ್ಯಾಟರಿಯನ್ನು ನಂಬಿ ಓಡುವ ವಾಹನದಲ್ಲಿ ಆ ಅಂಕಿಗಳಿಗೆ ಕೆಲಸವೇ ಇರುವುದಿಲ್ಲ. ಅಲ್ಲಿನ ದೋಷಗಳು ಬಹುಮಟ್ಟಿಗೆ ಒಂದು ವೋಲ್ಟಿನ ಹತ್ತನೆಯ ಅಥವಾ ನೂರನೆಯ ಭಾಗದಷ್ಟು ಸಣ್ಣ ವ್ಯತ್ಯಾಸಗಳಲ್ಲಿ ಅಡಗಿರುವುದರಿಂದ, ಸರ್ಕ್ಯೂಟು ಕೆಲಸ ಮಾಡುತ್ತಿರುವಾಗಲೇ ಅಂಥ ಸಣ್ಣ ವೋಲ್ಟೇಜನ್ನು ನಂಬಿಕೆಗೆ ಅರ್ಹವಾಗಿ ತೋರಿಸುವ ಮೀಟರೇ ಕಾರಿಗೆ ತಕ್ಕ ಮೀಟರು.

ಇದರ ಕಾರಣ ಕಾರಿನ ವೈರಿಂಗಿನ ಸ್ವರೂಪದಲ್ಲಿಯೇ ಇದೆ. ಬ್ಯಾಟರಿಯ ಧನ ತುದಿಯಿಂದ ಹೊರಟ ವಿದ್ಯುತ್ತು ತಂತಿಯ ಮೂಲಕ ದೀಪವನ್ನೋ ಮೋಟಾರನ್ನೋ ತಲುಪುತ್ತದೆಯಾದರೂ, ಅದು ಹಿಂದಿರುಗುವುದು ಬಹುಪಾಲು ಕಾರಿನ ಉಕ್ಕಿನ ಮೈಯ ಮೂಲಕ. ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ ಅರ್ತ್ ಎಂದು ಹೆಸರು. ಆ ಮೈಗೆ ತಂತಿಯನ್ನು ಸೇರಿಸುವ ಬೋಲ್ಟುಗಳ ಕೆಳಗೆ ತುಕ್ಕು, ಬಣ್ಣ ಅಥವಾ ಕೆಸರು ಸೇರಿಕೊಂಡರೆ ಸಂಪರ್ಕ ಪೂರ್ತಿ ಕಡಿಯದೆ ಬಿಗಿ ತಪ್ಪುತ್ತದೆ. ಉಪ್ಪುಗಾಳಿಯ ಕರಾವಳಿಯಲ್ಲಿ, ತಿಂಗಳುಗಟ್ಟಲೆ ಮಳೆಯಲ್ಲಿ ನೆನೆಯುವ ಮಲೆನಾಡಿನಲ್ಲಿ ಈ ತುಕ್ಕು ಬೇಗ ಏರುವುದು ಸಹಜ. ಹೆಡ್‌ಲೈಟು ಮಂಕಾಗುವುದಕ್ಕೆ, ಇಂಡಿಕೇಟರ್ ಹಾಕಿದಾಗ ಬೇರೆ ದೀಪ ಮಿಣುಕುವುದಕ್ಕೆ, ಸೆಲ್ಫ್ ಮೋಟಾರು ಎಳೆಯಲಾರದೆ ನರಳುವುದಕ್ಕೆ ಬ್ಯಾಟರಿಯನ್ನೇ ದೂರಿ ಹೊಸದನ್ನು ಹಾಕಿಸುವ ಮುನ್ನ ನೋಡಬೇಕಾದ ಜಾಗ ಇದೇ.

ಇಂಥ ಸಂಪರ್ಕವನ್ನು ಓಮ್ ಶ್ರೇಣಿಯಲ್ಲಿ, ಅಂದರೆ ವಿದ್ಯುತ್ತಿನ ಹರಿವಿಗೆ ಒಡ್ಡುವ ರೋಧವನ್ನು ಅಳೆಯುವ ಸ್ಥಾನದಲ್ಲಿ, ಪರೀಕ್ಷಿಸಲು ಹೋದವರಿಗೆ ಮೀಟರು ಎಲ್ಲವೂ ಸರಿಯಿದೆ ಎಂದೇ ಹೇಳುತ್ತದೆ. ಸೆಲ್ಫ್ ಮೋಟಾರಿನ ದಾರಿಯಲ್ಲಿ ಓಮಿನ ನೂರನೆಯ ಒಂದು ಭಾಗದಷ್ಟು ರೋಧವಿದ್ದು, ಮೋಟಾರು 150 ಆಂಪಿಯರ್ ಎಳೆಯುತ್ತಿದ್ದರೆ, ಆ ಒಂದೇ ಜಾಗದಲ್ಲಿ 1.5 ವೋಲ್ಟ್ ಸೋರಿಹೋಗುತ್ತದೆ. ಆದರೆ ಸಾಮಾನ್ಯ ಮೀಟರಿನ ಓಮ್ ಶ್ರೇಣಿ ತೋರಿಸಬಲ್ಲ ಅತಿ ಸಣ್ಣ ಮೊತ್ತ 0.1 ಓಮ್, ಮತ್ತು ಅದರ ಪ್ರೋಬ್ ತಂತಿಗಳ ಸ್ವಂತ ರೋಧವೇ ಅದಕ್ಕಿಂತ ಹೆಚ್ಚಿರಬಹುದು. ಆದಕಾರಣ ಇಲ್ಲಿ ನಡೆಸಬೇಕಾದದ್ದು ವೋಲ್ಟೇಜ್ ಕುಸಿತದ ಪರೀಕ್ಷೆ, ಎಂದರೆ ವಿದ್ಯುತ್ತು ಹರಿಯುತ್ತಿರುವಾಗ ಒಂದೇ ತಂತಿಯ ಅಥವಾ ಒಂದೇ ಸಂಪರ್ಕದ ಎರಡು ತುದಿಗಳ ನಡುವೆ ಎಷ್ಟು ವೋಲ್ಟೇಜ್ ಉಳಿದಿದೆ ಎಂದು ನೋಡುವುದು. ಕಪ್ಪು ಪ್ರೋಬನ್ನು ಬ್ಯಾಟರಿಯ ಋಣ ತುದಿಯ ಸೀಸದ ಗೂಟಕ್ಕೂ, ಕೆಂಪು ಪ್ರೋಬನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿದಾಗ, ಅಂಕಿ 0.2 ವೋಲ್ಟಿನ ಆಸುಪಾಸಿನಲ್ಲಿ ನಿಂತರೆ ಅರ್ತ್ ಸರಿಯಿದೆ. ಅರ್ಧ ವೋಲ್ಟನ್ನು ದಾಟಿದರೆ ದೋಷ ಈ ದಾರಿಯಲ್ಲಿಯೇ ಇದೆ. ಬಳಿಕ ಕಪ್ಪು ಪ್ರೋಬನ್ನು ಗೂಟದಿಂದ ಸರಿಸಿ, ಅದನ್ನು ತಬ್ಬಿರುವ ಕ್ಲಾಂಪಿನ ಮೇಲಿಟ್ಟು ಮತ್ತೆ ಸೆಲ್ಫ್ ಹೊಡೆಸಿದಾಗ ಅಂಕಿ ಥಟ್ಟನೆ ಇಳಿದರೆ, ಗೂಟಕ್ಕೂ ಕ್ಲಾಂಪಿಗೂ ನಡುವಿನ ಬಿಳಿ ಪುಡಿಯೇ ಅಪರಾಧಿಯೆಂದು ತಿಳಿಯುತ್ತದೆ. ಬಿಚ್ಚುವುದು ಕಡಿಮೆ, ಊಹೆ ಇನ್ನೂ ಕಡಿಮೆಯಾದ ಈ ಪರೀಕ್ಷೆಗಾಗಿಯೇ ಒಳ್ಳೆಯ ಮೀಟರು ಕೊಳ್ಳಬಹುದು.

ಮೀಟರಿನ ಸೂಕ್ಷ್ಮತೆಯನ್ನು ತಯಾರಕರು ಕೌಂಟ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. 2000 ಕೌಂಟಿನದು 1999ರವರೆಗೆ, 6000 ಕೌಂಟಿನದು 5999ರವರೆಗೆ ಎಣಿಸಿ ಮುಂದಿನ ಶ್ರೇಣಿಗೆ ಜಾರುತ್ತದೆ. ಬ್ಯಾಟರಿಯ ಮಟ್ಟಿಗೆ ಎರಡೂ ನೂರನೆಯ ಭಾಗವನ್ನು ತೋರಿಸುವುದರಿಂದ ಕೌಂಟಿಗಿಂತ ನಿಖರತೆಯ ಮೇಲೆ ಕಣ್ಣಿಡುವುದು ಲೇಸು. ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವ ಸೀಸ-ಆಮ್ಲ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ, ಮುಕ್ಕಾಲು ಚಾರ್ಜಿನದು 12.4, ಅರ್ಧ ಚಾರ್ಜಿನದು 12.2 ತೋರಿಸುತ್ತದೆ, ಎಲ್ಲ ತೀರ್ಮಾನವೂ ಅರ್ಧ ವೋಲ್ಟಿನೊಳಗೆ ನಡೆಯುತ್ತದೆ. ಶೇಕಡಾ 0.5 ಮತ್ತು ಕೊನೆಯ ಸ್ಥಾನದ ಎರಡು ಅಂಕಿ ಎಂಬ ದೋಷಾಂತರವುಳ್ಳ ಮೀಟರು 12.60 ಎಂದು ತೋರಿಸಿದಾಗ ನಿಜವಾದ ವೋಲ್ಟೇಜ್ 12.52ರಿಂದ 12.68ರ ನಡುವೆ ಎಲ್ಲಿಯಾದರೂ ಇರಬಹುದಾದ್ದರಿಂದ, ಇದಕ್ಕಿಂತ ಸಡಿಲವಾದ ಉಪಕರಣ ಬ್ಯಾಟರಿಯ ವಿಷಯದಲ್ಲಿ ಸಾಕ್ಷಿ ಹೇಳಲು ಯೋಗ್ಯವಲ್ಲ.

ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೆಳಿಗ್ಗೆ ಡೌನ್ ಆಗಿರುವ ದೂರಿಗೆ ಮೀಟರಿನ ಇನ್ನೊಂದು ಗುಣ ಬೇಕಾಗುತ್ತದೆ. ಬೀಗ ಹಾಕಿದ ಕಾರು ಗಡಿಯಾರಕ್ಕೂ ಅಲಾರಂಗೂ ಸ್ವಲ್ಪ ವಿದ್ಯುತ್ತನ್ನು ಬಳಸುತ್ತಲೇ ಇರುತ್ತದೆ. ಅದು 50 ಮಿಲಿಆಂಪಿಯರಿನೊಳಗಿದ್ದರೆ ಚಿಂತೆಯಿಲ್ಲ, ಅರ್ಧ ಆಂಪಿಯರಿಗೆ ಏರಿದರೆ 35 ಆಂಪಿಯರ್-ಗಂಟೆಯ ಬ್ಯಾಟರಿ ಮೂರು ದಿನಗಳಲ್ಲಿ ಖಾಲಿಯಾಗುತ್ತದೆ. ಋಣ ತುದಿಯ ಕ್ಲಾಂಪು ಬಿಚ್ಚಿ, 10 ಆಂಪಿಯರಿನ ತೂತಿಗೆ ಕೆಂಪು ತಂತಿ ಹಾಕಿ, ಮೀಟರನ್ನು ದಾರಿಯ ಮಧ್ಯೆ ಸೇರಿಸಿ ಅಳೆಯುವುದು ಹಳೆಯ ಕ್ರಮ. ಆದರೆ ಕ್ಲಾಂಪು ಬಿಚ್ಚಿ ಹಾಕಿದೊಡನೆ ಎಲೆಕ್ಟ್ರಾನಿಕ್ ನಿಯಂತ್ರಕಗಳೆಲ್ಲ ಎಚ್ಚರಗೊಂಡು, ಮತ್ತೆ ನಿದ್ರೆಗೆ ಜಾರಲು ಅರ್ಧ ಗಂಟೆಯನ್ನೂ ತೆಗೆದುಕೊಳ್ಳಬಹುದು. ಆ ನಡುವೆ ಮರೆತು ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸು ಹೋಗುತ್ತದೆ, ಫ್ಯೂಸೇ ಇಲ್ಲದ ಅಗ್ಗದ ಮೀಟರಾದರೆ ಮೀಟರೇ ಹೋಗುತ್ತದೆ. ಇದಕ್ಕಿಂತ ಚೊಕ್ಕವಾದ ಉಪಾಯ ಫ್ಯೂಸಿನ ಬೆನ್ನಿನಲ್ಲಿದೆ. ಬ್ಲೇಡ್ ಫ್ಯೂಸಿನ ಪ್ಲಾಸ್ಟಿಕ್ ಮೈಯ ಮೇಲ್ಭಾಗದಲ್ಲಿ ಎರಡು ಪುಟ್ಟ ಕಿಂಡಿಗಳಿದ್ದು, ಅವುಗಳಲ್ಲಿ ಕಾಣುವ ಲೋಹದ ಚುಕ್ಕೆಗಳಿಗೆ ಮೊನಚಾದ ಪ್ರೋಬ್‌ಗಳನ್ನು ತಾಗಿಸಿದರೆ ಫ್ಯೂಸನ್ನು ಕೀಳದೆಯೇ ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ ಸಿಗುತ್ತದೆ. 10 ಆಂಪಿಯರಿನ ಫ್ಯೂಸಿನ ರೋಧ ಸುಮಾರು 7ರಿಂದ 8 ಮಿಲಿಓಮ್ ಆಗಿರುವುದರಿಂದ ಅಲ್ಲಿ ಒಂದು ಮಿಲಿವೋಲ್ಟ್ ಕಂಡರೆ ಸುಮಾರು 130 ಮಿಲಿಆಂಪಿಯರ್ ಹರಿಯುತ್ತಿದೆ ಎಂದೇ ಅರ್ಥ. ಮಿಲಿವೋಲ್ಟಿನ ಹತ್ತನೆಯ ಭಾಗವನ್ನು ಕಾಣದ ಮೀಟರಿಗೆ ಈ ಕೆಲಸ ಸಾಧ್ಯವಿಲ್ಲ.

ಆಲ್ಟರ್ನೇಟರು ಹುಟ್ಟಿಸುವುದು ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ವಿದ್ಯುತ್ತು. ಅದನ್ನು ಡಯೋಡುಗಳು ಏಕಮುಖವಾಗಿ ತಿದ್ದುತ್ತವೆ. ಡಯೋಡೊಂದು ಕೆಟ್ಟಾಗ ಚಾರ್ಜಿಂಗ್ ವೋಲ್ಟೇಜು 14ರ ಹತ್ತಿರವೇ ಕಾಣಿಸಿಕೊಂಡರೂ, ಅದರ ಮೇಲೆ ಅರ್ಧ ವೋಲ್ಟಿಗೂ ಮೀರಿದ ಪರ್ಯಾಯ ಅಲೆ ಸವಾರಿ ಮಾಡುತ್ತಿರುತ್ತದೆ. ಕೆಲವು ನೂರು ರೂಪಾಯಿಗೆ ದೊರೆಯುವ ಹಳದಿ ಮೀಟರುಗಳ ಅತಿ ಸಣ್ಣ ಪರ್ಯಾಯ ಶ್ರೇಣಿ 200 ವೋಲ್ಟಿನದಾದ್ದರಿಂದ ಈ ಅಲೆ ಅದರ ದೋಷಾಂತರದಲ್ಲಿಯೇ ಮುಳುಗಿಹೋಗುತ್ತದೆ. ಅಷ್ಟೇ ಅಲ್ಲದೆ, ಅಂಥ ಹಲವು ಮೀಟರುಗಳು ಪರ್ಯಾಯ ಸ್ಥಾನದಲ್ಲಿ ಏಕಮುಖ ವೋಲ್ಟೇಜನ್ನು ತಡೆದು ನಿಲ್ಲಿಸುವುದೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ನಿಂತೇ ಇದನ್ನು ಪರೀಕ್ಷಿಸಬಹುದು: ಪರ್ಯಾಯ ಸ್ಥಾನದಲ್ಲಿಟ್ಟು 9 ವೋಲ್ಟಿನ ಬ್ಯಾಟರಿಗೆ ಪ್ರೋಬ್‌ಗಳನ್ನು ತಾಗಿಸಿದಾಗ ಸೊನ್ನೆಗೆ ಮರಳುವ ಮೀಟರು ಯೋಗ್ಯವಾದದ್ದು, ಒಂದು ದಿಕ್ಕಿನಲ್ಲಿ ಸುಮಾರು ಇಮ್ಮಡಿ ಅಂಕಿಯನ್ನೂ, ತಿರುಗಿಸಿ ಹಿಡಿದಾಗ ಸೊನ್ನೆಯನ್ನೂ ತೋರಿಸುವುದು ಕಾರಿಗೆ ಸಲ್ಲದು.

ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿಯ ಕಲ್ಪನೆಯಿಂದ ಹುಟ್ಟಿ 1923ರಲ್ಲಿ ಮಾರುಕಟ್ಟೆಗೆ ಬಂದ ಆವೋಮೀಟರಿನ ವಂಶದ ಮುಳ್ಳಿನ ಮೀಟರುಗಳನ್ನು ಇಂದಿಗೂ ಪ್ರೀತಿಯಿಂದ ಕಾಪಾಡಿಕೊಂಡವರಿದ್ದಾರೆ, ಮತ್ತು ಏರಿಳಿಯುವ ವೋಲ್ಟೇಜನ್ನು ಮುಳ್ಳಿನಷ್ಟು ಚೆನ್ನಾಗಿ ಅಂಕಿ ಹೇಳಲಾರದು ಎಂಬುದೂ ದಿಟ. ಆದರೂ ಮುಳ್ಳಿನ ಮೀಟರು ತಾನು ಅಳೆಯುವ ಸರ್ಕ್ಯೂಟಿನಿಂದಲೇ ಸ್ವಲ್ಪ ವಿದ್ಯುತ್ತನ್ನು ಹೀರುವುದರಿಂದ ಸೆನ್ಸರುಗಳ ತಂತಿಗೆ ಅದು ಒಗ್ಗುವುದಿಲ್ಲ. 10 ಮೆಗಾಓಮ್ ಒಳರೋಧದ ಡಿಜಿಟಲ್ ಮೀಟರೇ ಅಲ್ಲಿ ಕ್ಷೇಮ. ಏರಿಳಿತ ಹಿಡಿಯಲು ಕನಿಷ್ಠ-ಗರಿಷ್ಠ ಅಂಕಿಗಳನ್ನು ನೆನಪಿಟ್ಟುಕೊಳ್ಳುವ ಗುಂಡಿ ಇರಲೇಬೇಕು. ಸೆಲ್ಫ್ ಹೊಡೆದ ಕ್ಷಣದಲ್ಲಿ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಇಳಿಯಿತೇ ಎಂಬುದನ್ನು ಕಣ್ಣು ಹಿಡಿಯಲಾರದು, ಆ ಗುಂಡಿ ಹಿಡಿಯುತ್ತದೆ. ಇದೇ ಒಳರೋಧದ ದೋಷವೊಂದನ್ನೂ ಅರಿತಿರಬೇಕು. ಒಂದೇ ಎಳೆಯ ಮೇಲೆ ನೇತಾಡುವ ತಂತಿಯಲ್ಲಿಯೂ ಡಿಜಿಟಲ್ ಮೀಟರು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಆಟೋ ಎಲೆಕ್ಟ್ರಿಷಿಯನ್ನರ 21 ವಾಟಿನ ಬಲ್ಬಿನ ಟೆಸ್ಟ್ ಲ್ಯಾಂಪು ಅದನ್ನು ಕೂಡಲೇ ಬಯಲು ಮಾಡುತ್ತದೆ. ಆ ಬಲ್ಬನ್ನು ಎಂಜಿನ್ ನಿಯಂತ್ರಕಕ್ಕಾಗಲಿ ಏರ್‌ಬ್ಯಾಗಿನ ತಂತಿಗಾಗಲಿ ತಾಗಿಸಲೇಕೂಡದು; ಏರ್‌ಬ್ಯಾಗಿನ ತಂತಿಯಿಂದ ಮೀಟರಿನ ಓಮ್ ಶ್ರೇಣಿಯನ್ನೂ ದೂರವಿಡಬೇಕು.

ವಾಹನಕ್ಕೆಂದೇ ಮಾರುವ ಮೀಟರುಗಳಲ್ಲಿ ಡ್ವೆಲ್ ಎಂಬ ಸ್ಥಾನವಿರುತ್ತದೆ. ಅದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಕಾಂಟ್ಯಾಕ್ಟ್ ಪಾಯಿಂಟಿನ ಕಾರುಗಳನ್ನು ಸಾಕುವವರಿಗಷ್ಟೇ ಉಪಯುಕ್ತವಾದ್ದರಿಂದ ಉಳಿದವರು ಅದಕ್ಕೆ ಹಣ ತೆರಬೇಕಿಲ್ಲ. ಆ ಹಣ ಡಿಸಿ ಕ್ಲಾಂಪ್ ಮೀಟರಿಗೆ, ಎಂದರೆ ತಂತಿಯನ್ನು ಬಿಚ್ಚದೆ ದವಡೆಯಿಂದ ಸುತ್ತುವರಿದು ಪ್ರವಾಹವನ್ನು ಅಳೆಯುವ ಉಪಕರಣಕ್ಕೆ, ಸಲ್ಲಲಿ. ಸೆಲ್ಫ್ ಮೋಟಾರಿನ ನೂರಾರು ಆಂಪಿಯರನ್ನು ಅಳೆಯಲು ಬೇರೆ ಸುಲಭ ದಾರಿಯಿಲ್ಲ. ಕೊಳ್ಳುವಾಗ ಏಕಮುಖ ಪ್ರವಾಹವನ್ನೂ ಅಳೆಯುತ್ತದೆಯೇ ಎಂದು ಕೇಳಿಯೇ ಕೊಳ್ಳಬೇಕು, ಏಕೆಂದರೆ ಅಗ್ಗದ ಕ್ಲಾಂಪುಗಳು ಪರ್ಯಾಯ ಪ್ರವಾಹವನ್ನಷ್ಟೇ ಅರಿಯಬಲ್ಲವು. 300 ವೋಲ್ಟಿಗೂ ಮೀರುವ ಬ್ಯಾಟರಿಯ ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳು ಈ ಬರಹದ ವ್ಯಾಪ್ತಿಗೆ ಸೇರಿದವಲ್ಲ. ಅವು ತರಬೇತಿ ಪಡೆದವರ ಕೆಲಸ.

ಮೀಟರಿಗೆ ಧಾರಾಳವಾಗಿ ಖರ್ಚು ಮಾಡಿ ಪ್ರೋಬ್ ತಂತಿಗಳಲ್ಲಿ ಜಿಪುಣತನ ತೋರುವುದು ಸರಿಯಲ್ಲ. ಬಿಸಿ ಎಂಜಿನ್ನಿನ ಮೇಲೆ ಬಿದ್ದರೂ ಕರಗದ ಸಿಲಿಕೋನ್ ಹೊದಿಕೆ, ಸೂಜಿಯಂಥ ಮೊನೆ, ಕೈ ಬಿಟ್ಟರೂ ಕಚ್ಚಿ ನಿಲ್ಲುವ ಮೊಸಳೆ ಕ್ಲಿಪ್ಪು, ಕನೆಕ್ಟರಿನ ಹಿಂಬದಿಯಿಂದ ತೂರಿಸುವ ತೆಳು ಪಿನ್ನುಗಳು ಅದರ ಜೊತೆಗಿರಬೇಕು. ಓಮ್ ಸ್ಥಾನದಲ್ಲಿ ಎರಡು ಮೊನೆಗಳನ್ನೂ ಒಂದಕ್ಕೊಂದು ಒತ್ತಿ ಹಿಡಿದು, ತಂತಿ ಮೀಟರಿಗೆ ಸೇರುವ ಬುಡವನ್ನು ಅಲುಗಾಡಿಸಿದಾಗ ಅಂಕಿ 0.1 ಅಥವಾ 0.2ರಲ್ಲಿ ಕದಲದೆ ನಿಲ್ಲಬೇಕು. ಅದು ಕುಣಿದರೆ ಕಾರಿನ ಬಾನೆಟ್ ಎತ್ತುವ ಮುನ್ನ ತಂತಿಗಳನ್ನು ಬದಲಿಸಬೇಕು.